ವಚನ ಹೇಳಿಕೊಡುವ ಮೇಷ್ಟ್ರಿಗೆ ಲ್ಯಾಪ್‌ಟಾಪ್‌ನಿಂದ ಏನು ಉಪಯೋಗ?

ಪ್ರಶ್ನೆ: ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಭಾನುವಾರ ಬೆಳಗ್ಗೆ ದೇವಸ್ಥಾನದ ಜಗಲಿ ಮೇಲೆ ಮಕ್ಕಳಿಗೆ ವಚನ, ದಾಸರ ಪದ ಹೇಳಿಕೊಡ್ತೀನಿ. ಊರಿನವರೊಬ್ಬರು ಲ್ಯಾಪ್‌ಟಾಪ್ ಕೊಡಿಸಿದ್ದಾರೆ. ಮಕ್ಕಳಿಗೆ ಯಾವ ವಿಡಿಯೋ ತೋರಿಸಲಿ?

ಉತ್ತರ: ವಿಡಿಯೋ ವಿಷಯ ಆಮೇಲೆ ನೋಡೋಣ ಮೇಷ್ಟ್ರೇ. ತುಮಕೂರು ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಎಲ್ಲರೂ ಮೊದಲು ಕೇಳುವುದು ವಿಡಿಯೋನೇ. ಆದರೆ ಪರದೆ ಮುಂದೆ ಕೂತ ಮಕ್ಕಳು ಸುಮ್ನೆ ನೋಡುತ್ತಾರೆ, ಬಾಯಿ ಬಿಡುವುದಿಲ್ಲ. ವಚನ ಬರುವುದು ಬಾಯಿಬಿಟ್ಟು ಹೇಳಿದಾಗ ಅಲ್ವಾ? ಆ ಲ್ಯಾಪ್‌ಟಾಪ್ ಜಾಸ್ತಿ ಉಪಯೋಗಕ್ಕೆ ಬರುವುದು ಮಕ್ಕಳಿಗಲ್ಲ, ನಿಮಗೆ. ಶನಿವಾರ ರಾತ್ರಿ, ಪಾಠಕ್ಕೆ ತಯಾರಾಗುವಾಗ.

ಮೊದಲನೆಯದು, ವಚನದ ಸರಿಯಾದ ಪಠ್ಯ ಸಿಗುವುದು. ವಾಟ್ಸಾಪ್‌ನಲ್ಲಿ ಬರುವ ವಚನಗಳಲ್ಲಿ ಸಾಲು ಬಿಟ್ಟುಹೋಗಿರುತ್ತದೆ, ಒಬ್ಬರದ್ದು ಇನ್ನೊಬ್ಬರ ಹೆಸರಲ್ಲಿ ಓಡಾಡುತ್ತಿರುತ್ತದೆ, ಕೆಲವು ಯಾವ ಶರಣರೂ ಬರೆದದ್ದಲ್ಲ, ಕೊನೆಗೆ ‘ಕೂಡಲಸಂಗಮದೇವ’ ಅಂತ ಅಂಟಿಸಿರುತ್ತಾರೆ ಅಷ್ಟೆ. ಎಐ ಚಾಟ್‌ಬಾಟ್ ಕೇಳಿದರೂ ಇದೇ ಅಪಾಯ: ಇಲ್ಲದ ವಚನವನ್ನು ಇದ್ದ ಹಾಗೇ ಬರೆದುಕೊಡುತ್ತದೆ. ಮಕ್ಕಳು ಚಿಕ್ಕವಯಸ್ಸಲ್ಲಿ ಬಾಯಿಪಾಠ ಮಾಡಿದ್ದು ಕೊನೇವರೆಗೂ ಮರೆಯುವುದಿಲ್ಲ, ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಹಠ ಹಿಡಿಯುತ್ತೇನೆ. ‘ವಚನ ಸಂಚಯ’ ಅನ್ನುವ ಜಾಲತಾಣವಿದೆ. 20,000ಕ್ಕೂ ಹೆಚ್ಚು ವಚನಗಳಿವೆ, ದುಡ್ಡು ಕೊಡಬೇಕಿಲ್ಲ. ಅನುಮಾನ ಬಂದ ವಚನದಿಂದ ಅಪರೂಪದ ಒಂದು ಪದ ಆರಿಸಿ ಅಲ್ಲಿ ಹುಡುಕಿ. ‘ಮನ’, ‘ಲಿಂಗ’ ಅಂತ ಹುಡುಕಿದರೆ ರಾಶಿ ಬಂದು ಬೀಳುತ್ತದೆ, ಅದಕ್ಕೇ ಅಪರೂಪದ್ದು ಬೇಕು. ಸಿಗದಿದ್ದರೆ ಪದದ ರೂಪ ಸ್ವಲ್ಪ ಬದಲಿಸಿ ನೋಡಿ. ಆಗಲೂ ಸಿಗದಿದ್ದರೆ, ಮುದ್ರಿತ ಸಂಪುಟ ನೋಡುವವರೆಗೆ ಆ ವಚನವನ್ನು ಪಾಠಕ್ಕೆ ತರಬೇಡಿ. ದಾಸರ ಪದಗಳಿಗೂ ಇಂಥದ್ದೇ ‘ದಾಸ ಸಂಚಯ’ ಇದೆ.

ಇದೇ ಹುಡುಕಾಟದಿಂದ ಪಾಠವೂ ಹುಟ್ಟುತ್ತದೆ. ‘ಕಾಯಕ’ ಅಂತ ಕೊಟ್ಟು ಬೇರೆ ಬೇರೆ ಶರಣರು ಆ ಮಾತನ್ನು ಹೇಗೆ ಬಳಸಿದ್ದಾರೆ ಅಂತ ನೋಡಿ, ನಾಲ್ಕು ವಚನ ಆರಿಸಿ, ಅಂಕಿತ (ಬರೆದವರ ಗುರುತಾಗಿ ವಚನದ ಕೊನೆಗೆ ಬರುವ ಹೆಸರು) ತೆಗೆದು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ. ಯಾರದ್ದು ಅಂತ ಮಕ್ಕಳೇ ಹೇಳಲಿ, ಆಮೇಲೆ ಅಂಕಿತ ತೋರಿಸಿ. ಗುಹೇಶ್ವರ ಅಂದರೆ ಅಲ್ಲಮ, ರಾಮನಾಥ ಅಂದರೆ ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯನಿಗೆ ತನ್ನ ಹೆಸರೇ ಅಂಕಿತ. ನಿಮ್ಮ ಜಿಲ್ಲೆಯ ಎಡೆಯೂರಿಗೆ ಜಾತ್ರೆಗೆ ಹೋಗಿಬಂದ ಮಕ್ಕಳಿರುತ್ತಾರೆ, ಅವರಿಗೆ ತೋಂಟದ ಸಿದ್ಧಲಿಂಗರ ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’ ಅನ್ನುವ ಅಂಕಿತ ತೋರಿಸಿ. ತಾವು ಯಾರ ಗದ್ದುಗೆಗೆ ಕೈಮುಗಿದು ಬಂದರೋ ಅವರು ವಚನವನ್ನೂ ಬರೆದಿದ್ದರು ಅಂತ ಗೊತ್ತಾದಾಗ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ.

ಎರಡನೆಯದು ದನಿ. ‘ಆಡಾಸಿಟಿ’ ಅನ್ನುವ ತಂತ್ರಾಂಶ ಉಚಿತ. ನೀವೇ ಹಾಡಿ ರೆಕಾರ್ಡ್ ಮಾಡಿ, ‘ಎಫೆಕ್ಟ್’ ಮೆನುವಿನಲ್ಲಿ ‘ಚೇಂಜ್ ಟೆಂಪೋ’ ಹುಡುಕಿ ಮೈನಸ್ 20 ಕೊಡಿ. ವೇಗ ಇಳಿಯುತ್ತದೆ, ಶ್ರುತಿ ಹಾಗೇ ಇರುತ್ತದೆ. ಪಕ್ಕದಲ್ಲೇ ‘ಚೇಂಜ್ ಸ್ಪೀಡ್’ ಅಂತಲೂ ಇರುತ್ತದೆ, ಅದನ್ನು ಒತ್ತಿದರೆ ಶ್ರುತಿಯೂ ಕುಸಿದು ದನಿ ಗೊಗ್ಗರಾಗುತ್ತದೆ, ಮಕ್ಕಳು ಜೊತೆಗೆ ಹಾಡುವುದಕ್ಕೆ ಆಗುವುದಿಲ್ಲ. ಹೀಗೆ ನಿಧಾನ ಮಾಡಿದ್ದನ್ನು ಮನೆಗಳ ಫೋನಿಗೆ ಕಳಿಸಿದರೆ ವಾರದ ಮಧ್ಯೆಯೂ ಅಭ್ಯಾಸ ನಡೆಯುತ್ತದೆ. ಒತ್ತಕ್ಷರ ಎಡವುವ ಮಕ್ಕಳಿಗಂತೂ ಇದು ತುಂಬಾ ಸಹಾಯ.

ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆಯಲ್ಲೇ ಮಾಡಿ. ಹಳೇ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಫೈಲ್ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದ ಹಾಗೆ ಕಾಣುತ್ತದೆ, ಅದರಲ್ಲಿ ಪದ ಹುಡುಕುವುದಕ್ಕೂ ಆಗುವುದಿಲ್ಲ. ಅಂಥ ಫೈಲ್‌ಗಳಿದ್ದರೆ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಒಮ್ಮೆ ಕಣ್ಣಾಡಿಸಿ. ಟೈಪಿಂಗ್ ಬರಲ್ಲ ಅನ್ನುವವರು ಫೋನಿನ ಜಿಬೋರ್ಡ್‌ನಲ್ಲಿ ಕನ್ನಡದಲ್ಲೇ ಮಾತಾಡಿ ಬರೆಸಬಹುದು. ಆಡುಮಾತು ಚೆನ್ನಾಗಿ ಹಿಡಿಯುತ್ತದೆ, ಹಳಗನ್ನಡದ ಪದ ಬಂದರೆ ತಪ್ಪುತ್ತದೆ. ವಚನ ಹೇಳಿ ಬರೆಸಬೇಡಿ, ನಿಮ್ಮ ಪಾಠದ ಟಿಪ್ಪಣಿಗೆ ಬಳಸಿ.

ಮದರಸಾದಲ್ಲಿ, ಚರ್ಚಿನ ಸಂಡೇ ಸ್ಕೂಲಿನಲ್ಲಿ ಕಲಿಸುವವರೂ ಕೇಳುತ್ತಾರೆ. ಮೇಲಿನ ಮಾತೆಲ್ಲ ಅವರಿಗೂ ಸೇರುತ್ತದೆ. ಕುರಾನಿನ ಅರಬ್ಬಿ ಪಾಠಕ್ಕೆ ‘ತನ್ಜೀಲ್’ ಯೋಜನೆಯ ಪರಿಶೀಲಿಸಿದ ಯೂನಿಕೋಡ್ ಪಠ್ಯವಿದೆ. ‘ಯೂವರ್ಷನ್’ ಆಪ್‌ನಲ್ಲಿ ಕನ್ನಡ ಬೈಬಲ್ ಸಿಗುತ್ತದೆ.

ಕರೆಂಟು, ನೆಟ್‌ವರ್ಕು ನಂಬಿ ಕೂರಬೇಡಿ. ಬೇಕಾದ್ದನ್ನೆಲ್ಲ ಪಿಡಿಎಫ್ ಮಾಡಿಟ್ಟುಕೊಳ್ಳಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇರಲಿ. ಮಕ್ಕಳು ಹೇಳಿದ್ದನ್ನು ರೆಕಾರ್ಡ್ ಮಾಡಿದರೆ ಊರಿನ ಗುಂಪಿಗೆ ಹಾಕುವ ಮುಂಚೆ ಅಪ್ಪ ಅಮ್ಮನನ್ನು ಕೇಳಿ. ಅಜ್ಜಿ ತಾತಂದಿರಿಗೆ ದನಿ ಮಾತ್ರ ಕಳಿಸಿದರೂ ಖುಷಿಯೇ, ಮುಖ ತೋರಿಸಲೇಬೇಕು ಅಂತೇನಿಲ್ಲ.