ಡ್ಯಾನ್ಯೂಬ್ ದಂಡೆಯ ಸೈಕಲ್ ಪ್ರವಾಸ: ರೂಢಿ ತಪ್ಪಿದವರಿಗೆ ಆದೀತೇ?

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಐವತ್ತು ದಾಟಿದವರು. ಸೈಕಲ್ ತುಳಿಯಲು ಬರುತ್ತದೆ, ರೂಢಿ ತಪ್ಪಿದೆ. ಆಸ್ಟ್ರಿಯಾದಲ್ಲಿ ಒಂದು ವಾರ ಸೈಕಲ್ ಪ್ರವಾಸ ಮಾಡುವ ಆಸೆಯಿದೆ. ಅಂಥ ಬೆಟ್ಟದ ನಾಡಿನಲ್ಲಿ ಅದು ನಮ್ಮಿಂದ ಆದೀತೇ?

ಉತ್ತರ: ಧಾರಾಳವಾಗಿ ಆಗುತ್ತದೆ, ಬೆಟ್ಟದ ಗೊಡವೆ ಬಿಟ್ಟು ನದಿಯನ್ನು ಹಿಡಿದರೆ. ಜರ್ಮನಿಯ ಗಡಿಯೂರು ಪಸೌದಿಂದ ವಿಯೆನ್ನಾದವರೆಗೆ ಡ್ಯಾನ್ಯೂಬ್ ದಂಡೆಗುಂಟ 300 ಕಿ.ಮೀ.ಗೂ ಹೆಚ್ಚು ಉದ್ದದ ಸೈಕಲ್ ದಾರಿಯಿದೆ. ಬಹುಪಾಲು ಸಮತಟ್ಟು, ಕಾರು, ಲಾರಿಗಳ ಕಾಟ ಕಡಿಮೆ.

ನದಿ ಹರಿಯುವ ದಿಕ್ಕಿನಲ್ಲೇ ಹೋಗಿ. ಇಳಿಜಾರು ಸಿಗುತ್ತದೆಂದು ಹಲವರು ನಂಬಿದ್ದಾರೆ. ಅಷ್ಟು ದೂರಕ್ಕೆ ಇಳಿಯುವುದು ನೂರೈವತ್ತು ಮೀಟರ್ ಆಸುಪಾಸು, ಕಾಲಿಗೆ ಅದು ತಿಳಿಯುವುದೇ ಇಲ್ಲ. ತಿಳಿಯುವುದು ಗಾಳಿ. ಅದು ಅಲ್ಲಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಬೆನ್ನಿಗಿದ್ದರೆ ಒಳ್ಳೆಯದು.

ದಿನಗಳನ್ನು ಮಾತ್ರ ಸಮನಾಗಿ ಹಂಚಬೇಡಿ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ ಬರಿಯ ಮೂವತ್ತೈದು ಕಿ.ಮೀ.; ಅದಕ್ಕೆ ಎರಡು ದಿನ ಕೊಡಿ. ಮೆಲ್ಕ್‌ನಲ್ಲಿ ಬಂಡೆಯ ಮೇಲೆ ಬೆನೆಡಿಕ್ಟ್ ಪಂಥದ ಭಾರೀ ಮಠವಿದೆ. ಮುಂದೆ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿಸಿದ ದ್ರಾಕ್ಷಿ ತೋಟಗಳು. ಜುಲೈಯಲ್ಲಿ ಹೋದರೆ ಏಪ್ರಿಕಾಟ್ ಹಣ್ಣಿನ ಸುಗ್ಗಿ. ಡ್ಯೂರ್ನ್‌ಸ್ಟೈನ್‌ನ ಹಾಳು ಕೋಟೆಯಲ್ಲಿಯೇ 1192ರ ಕೊನೆಯಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್ ಸೆರೆಯಾಗಿದ್ದ. ಶ್ಪಿಟ್ಸ್ ಎಂಬ ಊರಿನಲ್ಲಿ ತಪ್ಪದೆ ದೋಣಿ ಹತ್ತಿ. ಅದಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ಹೊಳೆಗೆ ಅಡ್ಡಲಾಗಿ ಮೇಲೆ ಬಿಗಿದ ಉಕ್ಕಿನ ಹಗ್ಗಕ್ಕೆ ಅದನ್ನು ಕಟ್ಟಿದ್ದಾರೆ. ದೋಣಿಯನ್ನು ಓರೆಯಾಗಿ ತಿರುಗಿಸಿದರೆ ಸೆಳವೇ ಅದನ್ನು ಆಚೆ ದಡಕ್ಕೆ ನೂಕುತ್ತದೆ. ಸೈಕಲ್ ಸಮೇತ ಹೋಗಬಹುದು.

ವಾರವಷ್ಟೇ ಇರುವುದರಿಂದ ಕ್ರೆಮ್ಸ್‌ನಲ್ಲಿ ತುಳಿಯುವುದನ್ನು ನಿಲ್ಲಿಸಿ. ಸೈಕಲ್ಲಿಗೂ ಟಿಕೆಟ್ ಪಡೆದು ರೈಲಿನಲ್ಲಿ ವಿಯೆನ್ನಾ ಸೇರಿ. ಕೊನೆಯ ಬಯಲು ತಪ್ಪಿದರೆ ನಷ್ಟವಿಲ್ಲ. ಆಗ ಪಸೌ–ಮೆಲ್ಕ್ ನಡುವೆ ದಿನಕ್ಕೆ ನಲವತ್ತು ಕಿ.ಮೀ. ಚಿಲ್ಲರೆ ಸಾಕು. ಲಿಂಟ್ಸ್ ದಾಟಿದ ಮೇಲೆ ಮೌಟ್‌ಹೌಸನ್ ಬರುತ್ತದೆ. ನಾಜಿಗಳ ಯಾತನಾ ಶಿಬಿರ ಈಗ ಅಲ್ಲಿ ಸ್ಮಾರಕ. ದಾರಿ ಬಿಟ್ಟು ದಿಬ್ಬ ಹತ್ತಬೇಕು, ಆ ಅರ್ಧ ದಿನ ಬೇರೇನನ್ನೂ ಇಟ್ಟುಕೊಳ್ಳಬೇಡಿ.

ಪಸೌದಲ್ಲಿ ಸೈಕಲ್ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಒಪ್ಪಿಸುವ, ಚೀಲಗಳನ್ನು ಹೋಟೆಲಿನಿಂದ ಹೋಟೆಲಿಗೆ ವ್ಯಾನಿನಲ್ಲಿ ಸಾಗಿಸುವ ಏರ್ಪಾಡುಗಳಿವೆ. ಬ್ಯಾಟರಿ ಸೈಕಲ್ಲಿಗಿಂತ ಚೀಲ ಸಾಗಣೆಗೆ ಹಣ ಸುರಿಯುವುದೇ ಮೇಲು. ಮೇ, ಜೂನ್, ಸೆಪ್ಟೆಂಬರ್ ಹಿತವಾದ ತಿಂಗಳುಗಳು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸಸ್ಯಾಹಾರಿಗಳಾದರೆ ಶನಿವಾರವೇ ಬ್ರೆಡ್, ಚೀಸ್, ಹಣ್ಣು ಕೊಂಡಿಡಿ.

ವೀಸಾದ ಮಾತು: ಮ್ಯೂನಿಕ್‌ನಲ್ಲಿ ಇಳಿದರೂ ನೀವು ಹೆಚ್ಚು ರಾತ್ರಿ ಕಳೆಯುವುದು ಆಸ್ಟ್ರಿಯಾದಲ್ಲಿ. ಹಾಗಾಗಿ ಷೆಂಗೆನ್ (ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಅರ್ಜಿಯನ್ನು ಜರ್ಮನಿಗಲ್ಲ, ಆಸ್ಟ್ರಿಯಾಕ್ಕೆ ಹಾಕಬೇಕು.