ಮಳೆ ಹೆಚ್ಚಾದಾಗ ನಲ್ಲಿ ನೀರು ನಿಲ್ಲುವುದೇಕೆ?

ಓದುಗರ ಪ್ರಶ್ನೆ: 2022ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಭಾರಿ ಮಳೆಯಾದಾಗ ಬೆಂಗಳೂರಿನ ಅನೇಕ ಬಡಾವಣೆಗಳಿಗೆ ಕಾವೇರಿ ನೀರು ಬರಲಿಲ್ಲ. ಎಲ್ಲೋ ಸುರಿದ ಮಳೆಗೆ ಇಲ್ಲಿ ಕುಡಿಯುವ ನೀರು ನಿಲ್ಲುವುದು ಹೇಗೆ?

ಉತ್ತರ: ಕಾವೇರಿ ನೀರು ತಾನಾಗಿ ಹರಿದು ಬೆಂಗಳೂರಿಗೆ ಬರುವುದಿಲ್ಲ. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಹಂತ ಹಂತವಾಗಿ ಅದನ್ನು ಪಂಪ್ ಮಾಡಬೇಕು. ಅಂದರೆ ನಗರದ ನೀರು ಪೂರ್ತಿಯಾಗಿ ವಿದ್ಯುತ್ತನ್ನೇ ನೆಚ್ಚಿಕೊಂಡಿದೆ. ಆ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಂಡ್ಯ ಜಿಲ್ಲೆಯಲ್ಲೇ ಇರುವ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ನೆರೆ ನುಗ್ಗಿ ಯಂತ್ರಗಳು ಮುಳುಗಿದವು. ಮುಳುಗಿದ ಮೋಟಾರನ್ನು ನೀರಿಳಿದ ಕೂಡಲೇ ಚಾಲೂ ಮಾಡುವಂತಿಲ್ಲ. ಕೆಸರು ತೆಗೆದು, ವೈಂಡಿಂಗ್ (ಒಳಗಿನ ತಂತಿ ಸುರುಳಿ) ಒಣಗಿಸಿ, ತಂತಿಯ ಇನ್ಸುಲೇಷನ್ (ಕರೆಂಟ್ ಸೋರದಂತೆ ತಡೆಯುವ ಹೊದಿಕೆ) ಪರೀಕ್ಷಿಸಿದ ಮೇಲೆಯೇ ಕರೆಂಟ್ ಕೊಡಬೇಕು. ಅದಾದ ಬಳಿಕವೂ ಬರಿದಾದ ಪೈಪುಗಳೂ ಜಲಾಗಾರಗಳೂ ತುಂಬಬೇಕಾದ್ದರಿಂದ, ಎತ್ತರದ ಮತ್ತು ಕೊನೆಯ ಬೀದಿಗಳಿಗೆ ನೀರು ಎಲ್ಲರಿಗಿಂತ ತಡವಾಗಿ ತಲುಪುತ್ತದೆ.

ತೊಂದರೆ ಹರಡುವುದು ಇಂಥ ಅವಲಂಬನೆಗಳ ದಾರಿಯಲ್ಲೇ. ನಲ್ಲಿ ನಿಂತರೆ ಟ್ಯಾಂಕರ್‌ಗೆ ಬೇಡಿಕೆ ಏರುತ್ತದೆ, ಟ್ಯಾಂಕರ್ ತುಂಬಲು ಬೋರ್‌ವೆಲ್‌ಗೆ ಕರೆಂಟ್ ಬೇಕು, ತುಂಬಿದ ಟ್ಯಾಂಕರ್ ಓಡಲು ರಸ್ತೆ ಬೇಕು. ಆ ವಾರ ಬೆಂಗಳೂರಿನ ರಸ್ತೆಗಳೇ ಜಲಾವೃತವಾಗಿದ್ದವು. ಡಯಾಲಿಸಿಸ್‌ನ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕೆಂಬುದನ್ನು ನೆನೆದರೆ, ಆಸ್ಪತ್ರೆಗೆ ಜನರೇಟರ್ ಒಂದೇ ಸಾಲದೆಂಬುದು ತಿಳಿಯುತ್ತದೆ.

ಕೆಲವೊಮ್ಮೆ ಏಟು ತಿರುಗಿ ಮೂಲಕ್ಕೇ ಬೀಳುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 2021ರ ಫೆಬ್ರುವರಿಯ ಕಡು ಚಳಿಯಲ್ಲಿ ಗ್ರಿಡ್ ಉಳಿಸಲು ಲೋಡ್ ಶೆಡ್ಡಿಂಗ್ ಮಾಡಿದಾಗ ನೈಸರ್ಗಿಕ ಅನಿಲ ಪೂರೈಸುವ ಘಟಕಗಳಿಗೂ ಕರೆಂಟ್ ಹೋಯಿತು. ಆ ಅನಿಲದಿಂದಲೇ ನಡೆಯುವ ವಿದ್ಯುತ್ ಸ್ಥಾವರಗಳು ಸೊರಗಿ ಕೊರತೆ ಇನ್ನಷ್ಟು ಬೆಳೆಯಿತು. ಕಡಿತದಿಂದ ವಿನಾಯಿತಿ ಪಡೆಯುವ ಪಟ್ಟಿಯಲ್ಲಿ ಅಂಥ ಅನೇಕ ಘಟಕಗಳ ಹೆಸರೇ ಇರಲಿಲ್ಲ. ಆಮೇಲೆ ನೀರಿನ ಒತ್ತಡವೂ ಕುಸಿದು, 1 ಕೋಟಿಗೂ ಹೆಚ್ಚು ಜನರಿಗೆ ನೀರು ಕುದಿಸಿ ಕುಡಿಯುವಂತೆ ಸೂಚಿಸಬೇಕಾಯಿತು. ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಮಂದಿ ಪ್ರಾಣ ಕಳೆದುಕೊಂಡರು.

ಎಲ್ಲರಿಗೂ ಏಟು ಒಂದೇ ಸಮ ಬೀಳುವುದಿಲ್ಲ. ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ಇರುವ ಮನೆ ಎರಡು ದಿನ ಹೇಗೋ ತಳ್ಳುತ್ತದೆ. ನಾಲ್ಕು ಕೊಡಗಳಲ್ಲಿ ನೀರು ಹಿಡಿದಿಡುವ ವಠಾರದ ಮನೆಗೆ ಆ ದಿನ ಬೆಳಿಗ್ಗೆಯೇ ಕೆಲಸ ಬಿಟ್ಟು ಸಾಲಿನಲ್ಲಿ ನಿಲ್ಲುವ ಪಾಡು. ಆದ್ದರಿಂದ ಪಂಪ್‌ಹೌಸ್‌ನ ವಿದ್ಯುತ್ ಪ್ಯಾನೆಲ್‌ಗಳನ್ನು ನೆರೆಮಟ್ಟಕ್ಕಿಂತ ಮೇಲಿಡುವುದು ಎಷ್ಟು ಮುಖ್ಯವೋ, ನೀರು ನಿಂತ ದಿನ ಮೊದಲ ಟ್ಯಾಂಕರ್ ಸಂಪಿಲ್ಲದ ಬೀದಿಗಳಿಗೆ ಹೋಗಬೇಕೆಂದು ವಾರ್ಡ್‌ವಾರು ಮೊದಲೇ ನಿಗದಿಪಡಿಸಿಡುವುದೂ ಅಷ್ಟೇ ಮುಖ್ಯ.