ಕುದುರೆಮರಿಗೆ ಮಾಕ್ಸಿಡೆಕ್ಟಿನ್ ವಿಷವಾಗುವುದು ಹೇಗೆ

ಐವರ್‌ಮೆಕ್ಟಿನ್, ಮಾಕ್ಸಿಡೆಕ್ಟಿನ್ ಎರಡೂ ಒಂದೇ ಬಳಗದ ಜಂತುಹುಳದ ಔಷಧಿಗಳು. ಹುಳದ ನರಗಳಲ್ಲಿರುವ ಗ್ಲುಟಮೇಟ್ ಕ್ಲೋರೈಡ್ ನಾಳಗಳನ್ನು (ಕ್ಲೋರೈಡ್ ಒಳಹೋಗುವ ಸಣ್ಣ ದ್ವಾರಗಳು) ತೆರೆದೇ ಇಟ್ಟು ಅದರ ಕೈಕಾಲು ಕಟ್ಟಿದಂತೆ ಮಾಡುತ್ತವೆ. ಕುದುರೆಯಲ್ಲಿ ಆ ನಾಳಗಳಿಲ್ಲ. ಆದರೆ ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಗಾಬಾ ನಾಳಗಳಿವೆ, ಅವುಗಳ ಮೇಲೂ ಈ ಔಷಧಿ ಕೆಲಸ ಮಾಡಬಲ್ಲದು. ಔಷಧಿ ಅಲ್ಲಿಗೆ ತಲುಪದಂತೆ ಮಿದುಳಿನ ರಕ್ತನಾಳದ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನು ಅದನ್ನು ಹೊರಗೆ ದಬ್ಬುತ್ತಿರುತ್ತದೆ. ಪ್ರಮಾಣ ಮಿತಿಮೀರಿದರೆ ಈ ಕಾವಲು ಸಾಲದು.

ಮರಿಗೇ ಏಕೆ ಹೆಚ್ಚು ಅಪಾಯ? ಮಾಕ್ಸಿಡೆಕ್ಟಿನ್ ಕೊಬ್ಬಿನಲ್ಲಿ ಕರಗುತ್ತದೆ. ಮೈತುಂಬಿದ ಕುದುರೆಯಲ್ಲಿ ಬಹುಪಾಲು ಕೊಬ್ಬಿಗೆ ಸೇರಿ ನಿಧಾನವಾಗಿ ಹೊರಬರುತ್ತದೆ. ಹಾಲು ಕುಡಿಯುವ ಮರಿಯಲ್ಲಿ ಕೊಬ್ಬೇ ಕಡಿಮೆ, ಹಾಗಾಗಿ ರಕ್ತದಲ್ಲಿ ಮಟ್ಟ ಏರುತ್ತದೆ. ಬಡಕಲು ಕುದುರೆಗೂ ಇದೇ ಕಾಟ. ಅಮೆರಿಕದ ಲೇಬಲ್ 6 ತಿಂಗಳೊಳಗಿನ ಮರಿಗೆ ಇದನ್ನು ಕೊಡಬೇಡಿ ಎನ್ನುವುದು ಇದಕ್ಕೇ.

ಲೆಕ್ಕ ನೋಡಿ. ಪ್ರಮಾಣ ಕೆ.ಜಿ.ಗೆ 0.4 ಮಿ.ಗ್ರಾಂ. ಶೇ 2ರ ಜೆಲ್‌ನ ಪ್ರತಿ ಮಿ.ಲೀ.ನಲ್ಲಿ 20 ಮಿ.ಗ್ರಾಂ. ತೂಕ 100 ಕೆ.ಜಿ. ಆದರೆ ಬರೀ 2 ಮಿ.ಲೀ. ಸಿರಿಂಜಿನಲ್ಲಿರುವುದು ಅದಕ್ಕಿಂತ ಎಷ್ಟೋ ಹೆಚ್ಚು, ದೊಡ್ಡ ಕುದುರೆಗೆ ಸಾಲುವಷ್ಟು. ಹಿಡಿಕೆಯ ಉಂಗುರವನ್ನು ತಿರುಗಿಸಿ ಸರಿಯಾದ ಗುರುತಿಗೆ ಬಿಗಿಮಾಡದಿದ್ದರೆ ಒಂದೇ ಒತ್ತಿಗೆ ಪೂರ್ತಿ ಬಾಯಿಗೆ ಹೋಗುತ್ತದೆ: ಬೇಕಾದ್ದಕ್ಕಿಂತ ಹಲವು ಪಟ್ಟು. ಬಾಯಿಗಿಡುವ ಮುನ್ನ ಉಂಗುರ ಅಲುಗುತ್ತದೆಯೇ ಎಂದು ಬೆರಳಿನಿಂದ ತಿರುವಿ ನೋಡಲೇಬೇಕು.

ಲಕ್ಷಣಗಳು ಸಾಮಾನ್ಯವಾಗಿ 24 ಗಂಟೆಯೊಳಗೆ ಕಾಣುತ್ತವೆ. ಮರಿ ಮಂಕಾಗುತ್ತದೆ, ಕೆಳತುಟಿ ಜೋತುಬೀಳುತ್ತದೆ, ಕೆಚ್ಚಲಿಗೆ ಹೋಗುವುದಿಲ್ಲ, ಹಿಂಗಾಲು ತೂರಾಡುತ್ತದೆ. ಆಮೇಲೆ ಮಲಗಿಬಿಡುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ನಡುಕ, ಸೆಳೆತ, ಪ್ರಜ್ಞೆ ತಪ್ಪುವುದು. ರಕ್ತದ ಸಕ್ಕರೆ ಕುಸಿದಾಗಲೂ, ಮಿದುಳುಪೊರೆಯ ಸೋಂಕಿನಲ್ಲೂ ಹೀಗೇ ಕಾಣಬಹುದು. ಅದಕ್ಕೇ ಖಾಲಿ ಸಿರಿಂಜನ್ನು ಎಸೆಯದೆ ಪಶುವೈದ್ಯರಿಗೆ ತೋರಿಸಿ.

ನೇರ ಪ್ರತಿವಿಷ ಇಲ್ಲ. ಸಕ್ರಿಯ ಇದ್ದಿಲನ್ನು ಮೂಗಿನ ಕೊಳವೆಯಿಂದ ಕೆ.ಜಿ.ಗೆ 1-2 ಗ್ರಾಂ ಕೊಡುತ್ತಾರೆ. ಔಷಧಿ ಪಿತ್ತದೊಂದಿಗೆ ಕರುಳಿಗೆ ಮರಳುವುದರಿಂದ ಮತ್ತೆ ಮತ್ತೆ ಕೊಡಬೇಕಾಗಬಹುದು. ಶೇ 20ರ ಲಿಪಿಡ್ ಎಮಲ್ಷನ್ (ಕೊಬ್ಬಿನ ಸಣ್ಣ ಹನಿಗಳಿರುವ ದ್ರವ) ರಕ್ತನಾಳಕ್ಕೆ: ಮೊದಲು ಕೆ.ಜಿ.ಗೆ 1.5 ಮಿ.ಲೀ., ನಂತರ ಕೆ.ಜಿ.ಗೆ ನಿಮಿಷಕ್ಕೆ 0.25 ಮಿ.ಲೀ., 30-60 ನಿಮಿಷ. ಸೆಳೆತಕ್ಕೆ ಡಯಾಜೆಪಾಮ್ ಕೈಗೆತ್ತಿಕೊಳ್ಳುವಾಗ ಎಚ್ಚರ, ಅದೂ ಗಾಬಾ ದಾರಿಯಲ್ಲೇ ನಡೆಯುವುದರಿಂದ ಮಂಪರು ಹೆಚ್ಚಬಹುದು. ಬೆಚ್ಚಗಿಡುವುದು, ಮಗ್ಗುಲು ಬದಲಿಸುವುದು, ಕಣ್ಣಿಗೆ ಮುಲಾಮು, ಕೊಳವೆಯಲ್ಲಿ ಹಾಲು. ಇವೇ ದಿನಗಟ್ಟಲೆ ನಡೆಯುವ ನಿಜವಾದ ಚಿಕಿತ್ಸೆ. ಬೇಗ ಕೈಚೆಲ್ಲಬೇಡಿ, ಚೇತರಿಸಿಕೊಂಡ ಮರಿಗಳಿವೆ.

2-3 ತಿಂಗಳಲ್ಲಿ ದುಂಡುಹುಳಕ್ಕೆ ಮೊದಲ ಔಷಧಿಯಾಗಿ ಫೆನ್‌ಬೆಂಡಜೋಲ್, ಕೆ.ಜಿ.ಗೆ 10 ಮಿ.ಗ್ರಾಂ, ವಾಡಿಕೆ. ತೂಕವನ್ನು ಕಣ್ಣಳತೆಯಲ್ಲಿ ಹೇಳದೆ ಎದೆಸುತ್ತಿನ ಟೇಪಿನಿಂದ ಅಳೆಯಿರಿ. ಹುಳ ವಿಪರೀತವಿದ್ದಾಗ ಐವರ್‌ಮೆಕ್ಟಿನ್ ಕೊಟ್ಟರೆ ಅವು ಒಮ್ಮೆಲೇ ನಿಶ್ಚಲವಾಗಿ ಕರುಳು ಕಟ್ಟಬಹುದು. ಆಗ ಬರುವ ಹೊಟ್ಟೆನೋವನ್ನು ಔಷಧಿಯ ವಿಷವೆಂದು ತಿಳಿಯಬಾರದು.